ಉಳಿಸಿಕೊಳ್ಳುವುದು ಏನನ್ನು, ಯಾರಿಗಾಗಿ?

ಹಳೆಯ ವಿಂಡೋಸನ್ನು ಬಿಟ್ಟು ಹೊಸದಕ್ಕೆ ಹೋಗುವಾಗ ನಡುವೆ ಒಂದು ಪರದೆ ಬರುತ್ತದೆ. ಏನನ್ನು ಉಳಿಸಿಕೊಳ್ಳುತ್ತೀರಿ ಎಂದು ಅದು ಕೇಳುತ್ತದೆ. ಉತ್ತರಗಳು ಮೂರೇ: ನನ್ನ ಫೈಲುಗಳೂ ಆಪ್‌ಗಳೂ ಇರಲಿ, ಫೈಲುಗಳು ಮಾತ್ರ ಇರಲಿ, ಏನೂ ಬೇಡ. ಒಂದರ ಮುಂದೆ ಚುಕ್ಕೆ ಹಾಕಿ ಮುಂದಕ್ಕೆ ಒತ್ತಲು ಐದು ಸೆಕೆಂಡು ಸಾಕು. ಮನೆ ಬದಲಿಸುವಾಗ, ಆಸ್ತಿ ಪಾಲಾಗುವಾಗ, ತೀರಿಕೊಂಡವರ ಪೆಟ್ಟಿಗೆ ತೆರೆಯುವಾಗ ನಮ್ಮನ್ನು ದಿನಗಟ್ಟಲೆ ಕಾಡುವ ಪ್ರಶ್ನೆಯನ್ನು ಆ ಪರದೆ ಊಟಕ್ಕೆ ಏನು ಬೇಕು ಎಂಬಷ್ಟು ಸಲೀಸಾಗಿ ಕೇಳಿಬಿಡುತ್ತದೆ.

ಈಚೆಗೆ ಈ ಪ್ರಶ್ನೆ ಬಹಳ ಜನರ ಮುಂದೆ ಒಟ್ಟಿಗೆ ಬಂದಿದೆ. 2015ರ ಜುಲೈಯಲ್ಲಿ ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಬೆಂಬಲ ನಿಲ್ಲಿಸಿತು. ಹೊಸದಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಅದಿಲ್ಲದ ಹಳೆಯ ಯಂತ್ರಗಳು ಚೆನ್ನಾಗಿಯೇ ಓಡುತ್ತಿದ್ದರೂ ಅಧಿಕೃತವಾಗಿ ಲೆಕ್ಕಕ್ಕಿಲ್ಲ. ನಾಸಿಕ್‌ನ ಸಾತ್ಪುರ್, ಅಂಬಡ್ ಕೈಗಾರಿಕಾ ಪ್ರದೇಶಗಳಲ್ಲಿ, ಛತ್ರಪತಿ ಸಂಭಾಜಿನಗರದ ವಾಳೂಜ್, ಶೇಂದ್ರಾಗಳಲ್ಲಿ ಕೆಲಸಕ್ಕೆಂದು ಬಂದು ನೆಲೆಸಿರುವ ನಮ್ಮಂಥವರಿಗೆ ಇದು ಕೇವಲ ತಾಂತ್ರಿಕ ಸಂಗತಿಯಲ್ಲ. ಊರಿನಲ್ಲಿ ಅಟ್ಟ ಇರುತ್ತದೆ. ತಾತನ ಕಾಗದ, ಅಜ್ಜಿಯ ಕಂಚಿನ ಪಾತ್ರೆ, ಮದುವೆ ಆಲ್ಬಮ್ಮು, ಹರಿದ ಪಂಚಾಂಗ, ಯಾವುದನ್ನೂ ಯಾರೂ ಆರಿಸದೆಯೇ ಎಲ್ಲವೂ ಅಲ್ಲಿ ಉಳಿಯುತ್ತದೆ. ಬಾಡಿಗೆ ಫ್ಲಾಟಿನಲ್ಲಿ ಅಟ್ಟವಿಲ್ಲ. ವಲಸೆ ಬಂದವನ ಅಟ್ಟ ಅವನ ಲ್ಯಾಪ್‌ಟಾಪು.

ಹಾಗಾಗಿ ಪ್ರಶ್ನೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಬೀದರಿನ ಕಡೆಯ ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ವಾಳೂಜ್‌ನ ಕಾರ್ಖಾನೆಯೊಂದರಲ್ಲಿ ಇಂಜಿನಿಯರು. ಒಂಬತ್ತು ವರ್ಷದ ಲ್ಯಾಪ್‌ಟಾಪು. ಅದರಲ್ಲಿ ಕಾಲೇಜಿನ ಪ್ರಾಜೆಕ್ಟು, ಮೂರು ಕಂಪನಿಗಳ ಸಂಬಳದ ಚೀಟಿ, ರೂಮ್‌ಮೇಟುಗಳ ಆಧಾರ್ ಸ್ಕ್ಯಾನು, ಊರಿನ ಹೊಲದ ಹಳೆಯ ದಾಖಲೆಯ ಫೋಟೊ, ಗೆಳೆಯನೊಬ್ಬ ಕಷ್ಟದ ದಿನಗಳಲ್ಲಿ ಬರೆದ ಮೇಲುಗಳು, ಮತ್ತು ಈಗಿಲ್ಲದ ಅಪ್ಪ ಫೋನಿನಲ್ಲಿ ಮಾತಾಡಿದ ನಾಲ್ಕು ನಿಮಿಷದ ರೆಕಾರ್ಡಿಂಗು. ಅದರಲ್ಲಿ ಅಪ್ಪ ಹೇಳುವುದು ಹೆಚ್ಚೇನಲ್ಲ: ತೊಗರಿಯ ರೇಟು, ಬೋರ್‌ವೆಲ್ಲಿನ ಮೋಟರು, ಬರುವಾಗ ಮಾತ್ರೆ ತಾ. ಕಂಪ್ಯೂಟರಿನ ಕಣ್ಣಿಗೆ ಇವೆಲ್ಲವೂ ಒಂದೇ, ಅವನ ಖಾಸಗಿ ಫೈಲುಗಳು. ಅವನು ಏನು ಮಾಡಬೇಕು?

ಮೊದಲು ಹೊಳೆಯುವ ಉತ್ತರ, ಎಲ್ಲವನ್ನೂ ನಕಲು ಮಾಡಿಬಿಡು ಎಂಬುದು. ಜಾಗ ಅಗ್ಗ. ಒಂದು ಹಾರ್ಡ್‌ಡಿಸ್ಕಿನಲ್ಲಿ ಇಡೀ ಜೀವನ ಹಿಡಿಸುತ್ತದೆ. ಈ ಉತ್ತರವನ್ನು ತಳ್ಳಿಹಾಕುವಂತಿಲ್ಲ. ಅಪ್‌ಗ್ರೇಡಿನ ಹೊತ್ತಿಗೆ ಇದೇ ಸರಿ. 2018ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 10ರ ಒಂದು ದೊಡ್ಡ ಅಪ್‌ಡೇಟು ಕೆಲವರ ಫೈಲುಗಳನ್ನೇ ಅಳಿಸಿಹಾಕಿತ್ತು. ಕಂಪನಿ ಅದನ್ನು ಹಂಚುವುದನ್ನು ತಡೆದು, ಸರಿಮಾಡಿ, ನವೆಂಬರಿನಲ್ಲಿ ಮತ್ತೆ ಬಿಟ್ಟಿತು. ಫೈಲುಗಳನ್ನು ಉಳಿಸುತ್ತೇನೆ ಎಂದು ಯಂತ್ರ ಕೊಡುವ ಮಾತನ್ನು ನಂಬಿಯೂ ಒಂದು ಪ್ರತಿಯನ್ನು ಬೇರೆ ಇಟ್ಟುಕೊಳ್ಳುವುದು ವಿವೇಕ. ಆದರೆ ನಕಲು ಮಾಡಿದ ಮಾತ್ರಕ್ಕೆ ಉಳಿಸಿದಂತಾಯಿತೇ? ಸಂಭಾಜಿನಗರದಿಂದ ನೂರು ಕಿಲೋಮೀಟರ್ ಆಸುಪಾಸಿನಲ್ಲಿರುವ ಅಜಂತಾದ ಕಥೆ ಇದಕ್ಕೆ ಬೇರೆಯೇ ಉತ್ತರ ಕೊಡುತ್ತದೆ.

ಅಜಂತಾದ ಭಿತ್ತಿಚಿತ್ರಗಳು ಕಣ್ಣೆದುರೇ ಉದುರುತ್ತಿವೆ ಎಂದು ಕಂಡಾಗ ಅವುಗಳ ಪ್ರತಿ ಮಾಡಲು ಮದರಾಸು ಸೇನೆಯ ರಾಬರ್ಟ್ ಗಿಲ್ ಎಂಬ ಅಧಿಕಾರಿಯನ್ನು 1844ರಲ್ಲಿ ನೇಮಿಸಿದರು. ಅವನು ವರ್ಷಗಟ್ಟಲೆ ಅಲ್ಲಿಯೇ ಇದ್ದು ದೊಡ್ಡ ದೊಡ್ಡ ಕ್ಯಾನ್ವಾಸುಗಳ ಮೇಲೆ ಚಿತ್ರಗಳನ್ನು ಇಳಿಸಿಕೊಂಡ. ಅವು ಲಂಡನ್ನಿಗೆ ಹೋದವು. 1866ರಲ್ಲಿ ಕ್ರಿಸ್ಟಲ್ ಪ್ಯಾಲೆಸ್‌ಗೆ ಬೆಂಕಿ ಬಿದ್ದಾಗ ಅಲ್ಲಿ ಪ್ರದರ್ಶನಕ್ಕಿಟ್ಟಿದ್ದವೆಲ್ಲ ಸುಟ್ಟುಹೋಗಿ ಬೆರಳೆಣಿಕೆಯಷ್ಟು ಉಳಿದವು. ಮತ್ತೆ 1872ರಿಂದ 1885ರವರೆಗೆ ಬಾಂಬೆ ಕಲಾಶಾಲೆಯ ಜಾನ್ ಗ್ರಿಫಿತ್ಸ್ ತನ್ನ ವಿದ್ಯಾರ್ಥಿಗಳೊಂದಿಗೆ ಬಂದು ಪ್ರತಿಗಳನ್ನು ಮಾಡಿದ. ಅವೂ ಲಂಡನ್ನಿಗೆ ಹೋದವು. 1885ರಲ್ಲಿ ಸೌತ್ ಕೆನ್ಸಿಂಗ್‌ಟನ್‌ನ ಸಂಗ್ರಹಾಲಯದಲ್ಲಿ ಬೆಂಕಿ ಬಿದ್ದು ಅವುಗಳಲ್ಲಿಯೂ ಬಹಳಷ್ಟು ಹಾಳಾದವು. ಇತ್ತ ಗವಿಯಲ್ಲಿ, ಚಿತ್ರ ಸ್ಪಷ್ಟವಾಗಿ ಕಾಣಲೆಂದು ಮೂಲದ ಮೇಲೆ ಬಳಿದಿದ್ದ ವಾರ್ನಿಶ್ ಕಾಲ ಕಳೆದಂತೆ ಕಪ್ಪಾಗಿ ಬಿರುಕುಬಿಟ್ಟು ಮೂಲಕ್ಕೇ ಕೆಡುಕು ಮಾಡಿತು.

ನಲವತ್ತು ವರ್ಷದ ಶ್ರಮ, ಎರಡು ಬೆಂಕಿ. ಪ್ರತಿ ಮಾಡಿದವರು ಉದಾಸೀನರೇನಲ್ಲ, ಮಹಾ ಶ್ರದ್ಧಾವಂತರು. ಎಡವಟ್ಟಾದದ್ದು ಮೂರು ಕಡೆ. ಪ್ರತಿಗಳೆಲ್ಲ ಒಂದೇ ಸೂರಿನಡಿ ಸೇರಿದವು. ಅವು ಹೋದದ್ದು ಚಿತ್ರಗಳೊಂದಿಗೆ ಬದುಕುವವರ ಬಳಿಗಲ್ಲ, ಪ್ರದರ್ಶನದ ಗೋಡೆಗೆ. ಮತ್ತು ಪ್ರತಿ ಮಾಡುವ ಭರದಲ್ಲಿ ಮೂಲದ ಆರೈಕೆ ಎರಡನೆಯ ಮಾತಾಯಿತು. ನಮ್ಮ ಬ್ಯಾಕಪ್ಪುಗಳಲ್ಲಿ ಈ ಮೂರೂ ಇವೆ. ಲ್ಯಾಪ್‌ಟಾಪೂ ಹಾರ್ಡ್‌ಡಿಸ್ಕೂ ಒಂದೇ ಚೀಲದಲ್ಲಿ ಬಸ್ಸು ಹತ್ತುತ್ತವೆ. ಕ್ಲೌಡಿನಲ್ಲಿದೆ ಎಂದು ನಿಶ್ಚಿಂತರಾಗಿರುತ್ತೇವೆ. ಆದರೆ ಎರಡು ಕಡೆ ಒಂದೇ ರೀತಿ ಇರುವಂತೆ ನೋಡಿಕೊಳ್ಳುವ ಸಿಂಕ್ ವ್ಯವಸ್ಥೆ ಇಲ್ಲಿ ಅಳಿಸಿದ್ದನ್ನು ಅಲ್ಲಿಯೂ ಅಳಿಸುತ್ತದೆ, ಅದು ಕನ್ನಡಿಯೇ ಹೊರತು ಕಣಜವಲ್ಲ. ಎರಡು ವರ್ಷ ಬಳಸದೆ ಬಿಟ್ಟ ಖಾತೆಗಳನ್ನು ಅಳಿಸುವ ಪದ್ಧತಿಯನ್ನು ಗೂಗಲ್ 2023ರ ಡಿಸೆಂಬರಿನಿಂದ ಶುರುಮಾಡಿದೆ. ತೀರಿಕೊಂಡವರ ಖಾತೆ ತಾನಾಗಿ ಲಾಗಿನ್ ಆಗುವುದಿಲ್ಲ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಿನಲ್ಲಿ ಎಂದು ಪೀಟರ್ ಕ್ರೋಗ್ ಎಂಬ ಫೋಟೊಗ್ರಾಫರ್ ಪ್ರಚಾರಕ್ಕೆ ತಂದ ನಿಯಮವಿದೆ. ಅಜಂತಾದ ಕಥೆ ಗೊತ್ತಿರುವವರಿಗೆ ಅದರ ಮೂರನೆಯ ಮಾತನ್ನು ವಿವರಿಸಬೇಕಿಲ್ಲ.

ಕನ್ನಡದವರಿಗೆ ಇದಕ್ಕೆ ಇನ್ನೂ ಹಳೆಯ ಸಾಕ್ಷಿ ಇದೆ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಓಲೆಗರಿಯಲ್ಲಿ ಬರೆಸಿ ದಾನ ಮಾಡಿದಳು. ಸಾವಿರ! ಒಂದೊಂದು ಗರಿಯನ್ನೂ ಕಂಟದಲ್ಲಿ ಕೊರೆಯಬೇಕಿದ್ದ ಕಾಲದಲ್ಲಿ. ‘ಶಾಂತಿಪುರಾಣ’ ಇಂದಿಗೂ ನಮ್ಮ ಕೈಯಲ್ಲಿದೆ. ಅದೇ ಪೊನ್ನ ಬರೆದ ‘ಭುವನೈಕರಾಮಾಭ್ಯುದಯ’ ಸಿಕ್ಕಿಲ್ಲ. ಅತ್ತಿಮಬ್ಬೆಯ ಆಶ್ರಯದಲ್ಲಿ ‘ಅಜಿತಪುರಾಣ’ ಬರೆದ ರನ್ನನ ‘ಪರಶುರಾಮಚರಿತ’ವೂ ಸಿಕ್ಕಿಲ್ಲ. ಸಾವಿರ ಪ್ರತಿ ಮಾಡಿಸಿದ್ದೊಂದೇ ಉಳಿದದ್ದಕ್ಕೆ ಕಾರಣ ಎಂದು ಹೇಳಲಾಗದು. ಓಲೆಗರಿಯ ಹಣೆಬರಹದಲ್ಲಿ ಗೆದ್ದಲು, ನೀರು, ಯುದ್ಧ ಎಲ್ಲವೂ ಇರುತ್ತವೆ. ಆದರೂ ಅವಳು ಮಾಡಿದ್ದನ್ನು ಗಮನಿಸಿ. ಸಾವಿರ ಪ್ರತಿ ಬರೆಸಿ ಒಂದು ಭಂಡಾರದಲ್ಲಿ ಬೀಗ ಹಾಕಿ ಇಡಲಿಲ್ಲ. ಕೊಟ್ಟಳು. ಅದು ಶಾಸ್ತ್ರದಾನ, ಕಳೆದುಹೋದೀತೆಂಬ ಭಯದಿಂದ ಮಾಡಿದ ಏರ್ಪಾಡಲ್ಲ. ಬ್ಯಾಕಪ್ ಎಂದರೆ ನನ್ನದನ್ನು ನಾನೇ ಇನ್ನೊಂದು ಕಡೆ ಬಚ್ಚಿಡುವುದು ಎಂದು ನಾವು ತಿಳಿದಿದ್ದೇವೆ. ಅತ್ತಿಮಬ್ಬೆಯ ಲೆಕ್ಕದಲ್ಲಿ ಉಳಿಯುವುದು ಹಂಚಿದ್ದು. ಬೀದರಿನ ಹುಡುಗ ಅಪ್ಪನ ಧ್ವನಿಯನ್ನು ಮೂರು ಡಿಸ್ಕುಗಳಲ್ಲಿ ಇಡುವುದಕ್ಕಿಂತ ಅಕ್ಕನಿಗೂ ಚಿಕ್ಕಪ್ಪನಿಗೂ ಕಳಿಸಿದರೆ ಅದಕ್ಕೆ ಹೆಚ್ಚು ಆಯುಷ್ಯ. ಕೇಳುವವರಿರುವ ಕಡೆ ಅದು ಇರುತ್ತದೆ.

ಆದರೆ ಎಲ್ಲವನ್ನೂ ಹಂಚಲಾಗದು, ಎಲ್ಲವನ್ನೂ ಇಟ್ಟುಕೊಳ್ಳುವ ಹಕ್ಕೂ ನಮಗಿಲ್ಲ. ಇಲ್ಲಿ ಎರಡನೆಯ ತೊಡಕು ಬರುತ್ತದೆ. ಖಾಸಗಿ ಫೈಲು ಎಂದು ಯಂತ್ರ ಕರೆಯುವುದರಲ್ಲಿ ಎಷ್ಟು ನಿಜಕ್ಕೂ ನನ್ನದು? ಗೆಳೆಯನ ಕಷ್ಟದ ಕಾಗದ ಅವನು ನನ್ನನ್ನು ನಂಬಿ ಕೊಟ್ಟದ್ದು. ರೂಮ್‌ಮೇಟಿನ ಆಧಾರ್ ಸ್ಕ್ಯಾನನ್ನು ಒಂದು ದಿನದ ಬಾಡಿಗೆ ಕರಾರಿಗಾಗಿ ತೆಗೆದುಕೊಂಡದ್ದು. ಹಿಂದಿನ ಕಂಪನಿಯ ಡ್ರಾಯಿಂಗುಗಳಂತೂ ನನ್ನವಾಗಿರಲೇ ಇಲ್ಲ. ನಮ್ಮ ಹಳೆಯ ಧರ್ಮಶಾಸ್ತ್ರಕಾರರು ಇಂಥದ್ದಕ್ಕೆ ಒಂದು ಹೆಸರಿಟ್ಟಿದ್ದಾರೆ: ಉಪನಿಧಿ. ಪೆಟ್ಟಿಗೆಯೊಳಗೆ ಏನಿದೆಯೆಂದು ಹೇಳದೆ ಒಬ್ಬನು ಇನ್ನೊಬ್ಬನ ಕೈಗೆ ಒಪ್ಪಿಸಿದ ವಸ್ತು ಅದು. ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಅದರ ನಿಯಮಗಳಿವೆ. ಆ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ಪ್ರಸಿದ್ಧ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ನಮ್ಮ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಇದ್ದವನು. ಒಪ್ಪಿಸಿದ್ದನ್ನು ಹೇಗಿತ್ತೋ ಹಾಗೆಯೇ ಹಿಂದಿರುಗಿಸಬೇಕು. ರಾಜನಿಂದಲೋ ದೈವದಿಂದಲೋ ಕಳ್ಳರಿಂದಲೋ ಅದು ಹೋದರೆ ಇಟ್ಟುಕೊಂಡವನು ತುಂಬಿಕೊಡಬೇಕಿಲ್ಲ. ಆದರೆ ಒಡೆಯ ಕೇಳಿದಾಗ ಕೊಡದೆ ಇಟ್ಟುಕೊಂಡು ಆಮೇಲೆ ನಷ್ಟವಾದರೆ ಹೊಣೆ ಅವನದೇ. ತನ್ನಿಷ್ಟದಂತೆ ಅದನ್ನು ಬಳಸಿಕೊಂಡು ಬದುಕಿದರೆ ದಂಡ, ಬಡ್ಡಿ ಸಹಿತ ವಾಪಸ್ಸು.

ಈ ಮಾತು ಮೊದಲು ಅನ್ವಯಿಸುವುದು ರಿಪೇರಿ ಅಂಗಡಿಗೆ. ನಾವು ಅಂಗಡಿಯವನ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಹೊಸ ವಿಂಡೋಸ್ ಹಾಕಿಕೊಡಪ್ಪ ಎನ್ನುವಾಗ ಒಪ್ಪಿಸುತ್ತಿರುವುದು ಉಪನಿಧಿಯನ್ನೇ; ಒಳಗೇನಿದೆಯೆಂದು ಹೇಳಿರುವುದಿಲ್ಲ, ಹೇಳಲೂ ಆಗುವುದಿಲ್ಲ. ಫಾರ್ಮ್ಯಾಟ್ ಮಾಡುವ ಮೊದಲು ಡಾಟಾ ಬೇಕಾ ಎಂದು ಕೇಳುವ ಹುಡುಗ ಒಂದು ಧರ್ಮವನ್ನು ಪಾಲಿಸುತ್ತಿದ್ದಾನೆ. ಡೆಸ್ಕ್‌ಟಾಪಿನಲ್ಲಿರುವುದನ್ನು ಮಾತ್ರ ಉಳಿಸಿ ಮಿಕ್ಕ ಡ್ರೈವುಗಳನ್ನು ಅಳಿಸಿ ಎಲ್ಲವೂ ಇದೆ ಎನ್ನುವವನು ಅದನ್ನು ಮುರಿಯುತ್ತಿದ್ದಾನೆ, ಕಾನೂನಿನ ಯಾವ ಕಲಮೂ ಅವನನ್ನು ಹಿಡಿಯದಿದ್ದರೂ. ಉಳಿಸಿಕೊಡುವ ನೆಪದಲ್ಲಿ ಫೋಟೊಗಳನ್ನು ತೆರೆದು ನೋಡುವವನ ತಪ್ಪು ಇನ್ನೂ ದೊಡ್ಡದು.

ಎರಡನೆಯದಾಗಿ ಅನ್ವಯಿಸುವುದು ನಮಗೆ. ಎಲ್ಲವನ್ನೂ ನಕಲು ಮಾಡಿಟ್ಟೆ ಎನ್ನುವವನು ಇತರರು ಒಪ್ಪಿಸಿದ್ದನ್ನೂ ಅವರನ್ನು ಕೇಳದೆ ಇಮ್ಮಡಿ ಮಾಡಿದ್ದಾನೆ. ಕಳೆದುಹೋಗುವ, ಕಳುವಾಗುವ ಸಾಧ್ಯತೆಯೂ ಇಮ್ಮಡಿಯಾಯಿತು. ಆಧಾರ್ ಸ್ಕ್ಯಾನಿನ ಕೆಲಸ ಮುಗಿದಿದ್ದರೆ ಅದನ್ನು ಹಿಂದಿರುಗಿಸುವುದೆಂದರೆ ಅಳಿಸುವುದೇ. ಇಲ್ಲಿ ಅಳಿಸುವುದು ನಷ್ಟವಲ್ಲ, ಋಣ ತೀರಿಸಿದಂತೆ. ಅಪ್‌ಗ್ರೇಡ್ ಎಂಬುದು ಉಳಿಸುವ ಗಳಿಗೆ ಎಂದಷ್ಟೇ ಅಂದುಕೊಂಡಿದ್ದೇವೆ. ಅದು ವಾಪಸ್ಸು ಕೊಡುವ ಗಳಿಗೆಯೂ ಹೌದು.

ಹಾಗಾದರೆ ಬಿಡಬಹುದಾದದ್ದು ಯಾವುದು, ಬಿಡಬಾರದ್ದು ಯಾವುದು? ಇದಕ್ಕೆ ನಾಸಿಕ್ ಒಳ್ಳೆಯ ಪಾಠಶಾಲೆ. 1906ರಲ್ಲಿ ನಾಸಿಕ್ ಜಿಲ್ಲೆಯ ಜೋಗಲ್‌ಥೆಂಬಿಯಲ್ಲಿ ಒಂದು ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತು. ಹದಿಮೂರು ಸಾವಿರಕ್ಕೂ ಹೆಚ್ಚು ನಾಣ್ಯಗಳು, ಎಲ್ಲವೂ ಮೂಲದಲ್ಲಿ ಕ್ಷಹರಾತ ದೊರೆ ನಹಪಾನನವು. ಅವುಗಳಲ್ಲಿ ಒಂಬತ್ತು ಸಾವಿರಕ್ಕಿಂತ ಹೆಚ್ಚಿನವುಗಳ ಮೇಲೆ, ಅವನನ್ನು ಸೋಲಿಸಿದ ಶಾತವಾಹನ ಗೌತಮೀಪುತ್ರ ಶಾತಕರ್ಣಿ ತನ್ನ ಮುದ್ರೆ ಒತ್ತಿಸಿದ್ದ. ಹಲವು ನಾಣ್ಯಗಳಲ್ಲಿ ಹೊಸ ಮುದ್ರೆಯಡಿ ನಹಪಾನನ ಮುಖ ಇನ್ನೂ ಇಣುಕುತ್ತದೆ. ಹಳೆಯ ಬೆಳ್ಳಿ, ಹೊಸ ಆಡಳಿತ; ಚಲಾವಣೆಯಲ್ಲಿರಬೇಕಾದ್ದು ಹೊಸ ವ್ಯವಸ್ಥೆಗೆ ಒಗ್ಗಲೇಬೇಕು. ಆದರೆ ಅದೇ ನಾಸಿಕ್‌ನ ಪಾಂಡವಲೇಣಿ ಗುಡ್ಡದಲ್ಲಿ, ಹತ್ತನೆಯ ಗವಿಯ ಗೋಡೆಯ ಮೇಲೆ, ನಹಪಾನನ ಅಳಿಯ ಉಷವದಾತನ ದಾನಶಾಸನಗಳು ಹಾಗೆಯೇ ಇವೆ. ಮೂರನೆಯ ಗವಿಯಲ್ಲಿ ಗೌತಮೀಪುತ್ರನ ತಾಯಿ ಗೌತಮಿ ಬಲಶ್ರೀ ತನ್ನ ಮಗನ ಸಾಹಸಗಳನ್ನು ಕೆತ್ತಿಸಿದ್ದಾಳೆ. ಸೋತವರ ದಾನದ ದಾಖಲೆಯೂ ಗೆದ್ದವನ ತಾಯಿಯ ಮಾತೂ ಒಂದೇ ಗುಡ್ಡದಲ್ಲಿ, ಕೂಗಳತೆಯಲ್ಲಿ.

ನಾಣ್ಯಕ್ಕೂ ಶಾಸನಕ್ಕೂ ಇರುವ ಈ ವ್ಯತ್ಯಾಸ ನಮ್ಮ ಫೈಲುಗಳಲ್ಲಿಯೂ ಇದೆ. ಕೆಲವು ಚಲಾವಣೆಗಾಗಿ ಇರುವಂಥವು: ಸಾಫ್ಟ್‌ವೇರು, ಇನ್‌ಸ್ಟಾಲರು, ಡೌನ್‌ಲೋಡ್ ಮಾಡಿದ ಸಿನಿಮಾ, ಎಲ್ಲೆಲ್ಲಿಯೂ ಸಿಗುವ ಪಿಡಿಎಫ್. ಅವುಗಳ ಮೇಲೆ ಹೊಸ ಮುದ್ರೆ ಬಿದ್ದರೆ ದುಃಖಿಸಬೇಕಿಲ್ಲ. ಕೆಲವು ಸಾಕ್ಷಿಗಾಗಿ ಇರುವಂಥವು: ಯಾರು ಯಾರಿಗೆ ಏನು ಕೊಟ್ಟರು, ಏನು ಹೇಳಿದರು. ಅವು ಹೋದರೆ ಮತ್ತೆ ಎಲ್ಲಿಯೂ ಸಿಗುವುದಿಲ್ಲ. ತೊಗರಿಯ ರೇಟಿನ ಬಗ್ಗೆ ಅಪ್ಪ ಆಡಿದ ಮಾತು ಎರಡನೆಯ ಗುಂಪಿನದು, ಆ ರೇಟು ಇಂದು ಯಾರಿಗೂ ಬೇಡದಿದ್ದರೂ.

ನಾಸಿಕ್‌ನ ಇನ್ನೊಂದು ಪಾಠ ರಾಮಕುಂಡದಲ್ಲಿದೆ. ಅಸ್ಥಿ ವಿಸರ್ಜನೆಗೆ ಕರ್ನಾಟಕದಿಂದಲೂ ಜನ ಇಲ್ಲಿಗೆ ಬರುತ್ತಾರೆ. ಇಲ್ಲಿಯೂ ತ್ರ್ಯಂಬಕೇಶ್ವರದಲ್ಲಿಯೂ ತೀರ್ಥಪುರೋಹಿತರ ಮನೆಗಳಲ್ಲಿ ವಹಿಗಳಿವೆ. ನಿಮ್ಮ ಊರು, ಮನೆತನದ ಹೆಸರು ಹೇಳಿದರೆ ಪುಟ ತೆರೆಯುತ್ತಾರೆ. ಹಿಂದೆ ಬಂದುಹೋದ ಅಜ್ಜ ಮುತ್ತಜ್ಜರ ಹೆಸರು, ಕೆಲವೊಮ್ಮೆ ಅವರದೇ ಸಹಿ ಸಿಗುತ್ತದೆ. ಬಂದವರು ತಮ್ಮ ಹೆಸರು, ಮಕ್ಕಳ ಹೆಸರು ಸೇರಿಸುತ್ತಾರೆ. ಒಂದೇ ದಂಡೆಯ ಮೇಲೆ ಎರಡು ಕೆಲಸ ನಡೆಯುತ್ತವೆ. ಬೂದಿಯನ್ನು ಗೋದಾವರಿಗೆ ಬಿಡುತ್ತೇವೆ, ಹೆಸರನ್ನು ವಹಿಯಲ್ಲಿ ಇಡುತ್ತೇವೆ. ಬಿಡುವುದು ಮರೆಯುವುದಕ್ಕೆ ಸಮವಲ್ಲ, ಇಡುವುದು ಅಂಟಿಕೊಳ್ಳುವುದಕ್ಕೂ ಸಮವಲ್ಲ. ವಹಿಯಲ್ಲಿ ಬರೆಯುವುದು ಎಷ್ಟು ಕಡಿಮೆ ನೋಡಿ: ಹೆಸರು, ಊರು, ಸಂಬಂಧ, ತಾರೀಖು. ಅಷ್ಟಕ್ಕೇ ಅದು ತಲೆಮಾರುಗಳ ನಂತರವೂ ಹುಡುಕಿದರೆ ಸಿಗುತ್ತದೆ. ನಾವೋ ನಲವತ್ತು ಸಾವಿರ ಫೋಟೊಗಳನ್ನು ಹೆಸರಿಲ್ಲದೆ ತುಂಬಿ, ಯಾವುದೂ ಹೋಗಿಲ್ಲ ಎಂದು ಸಮಾಧಾನಪಡುತ್ತೇವೆ. ಮುಂದೊಂದು ದಿನ ಅವನ್ನು ತೆರೆಯುವ ಮಗಳಿಗೆ, ಮದುವೆಯ ಸಾಲಿನಲ್ಲಿ ಮೂರನೆಯವರು ಯಾರೆಂದು ಹೇಳುವವರಿಲ್ಲ. ಐವತ್ತು ಫೋಟೊಗಳನ್ನು ಆರಿಸಿ ಹೆಸರು ಬರೆದಿಟ್ಟರೆ ಅದು ವಹಿ. ಉಳಿದದ್ದು ಬರೀ ಮೂಟೆ.

ಓದಲಾಗುವುದು ಎಂಬುದೂ ಉಳಿಯುವುದರ ಭಾಗ. ಪಾಂಡವಲೇಣಿಯ ಅಕ್ಷರಗಳು ಗೋಡೆಯ ಮೇಲೆ ಇದ್ದೇ ಇದ್ದವು. ಆದರೆ ಜೇಮ್ಸ್ ಪ್ರಿನ್ಸೆಪ್ 1837ರ ಹೊತ್ತಿಗೆ ಬ್ರಾಹ್ಮಿಯನ್ನು ಬಿಡಿಸುವವರೆಗೆ ಅಂಥ ಬರಹಗಳು ನೂರಾರು ವರ್ಷ ಮೂಕವಾಗಿದ್ದವು. ನಮಗೆ ಇದು ದೂರದ ಮಾತಲ್ಲ. 1956ರವರೆಗೆ ಔರಂಗಾಬಾದೂ ಬೀದರೂ ಕಲಬುರಗಿಯೂ ರಾಯಚೂರೂ ಒಂದೇ ಹೈದರಾಬಾದ್ ಸಂಸ್ಥಾನ, ಬಳಿಕ ಹೈದರಾಬಾದ್ ರಾಜ್ಯ. ನಿಜಾಮರ ಕಾಲದ ಉರ್ದು ದಾಖಲೆಗಳನ್ನು ಮನೆಯಲ್ಲಿಟ್ಟುಕೊಂಡು ಒಂದಕ್ಷರವೂ ಓದಲಾರದ ಮೊಮ್ಮಕ್ಕಳು ಆ ಕಡೆ ಎಷ್ಟೋ ಜನ. ಕನ್ನಡದಲ್ಲಿ ಟೈಪ್ ಮಾಡಿದವರಿಗೂ ಇದೇ ಪಾಡು. ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ, ಶ್ರೀಲಿಪಿಗಳ ಫಾಂಟಿನಲ್ಲಿ ಬರೆದ ಕಥೆ, ಕವಿತೆ, ಪ್ರಬಂಧಗಳು ಆ ಫಾಂಟು ಇಲ್ಲದ ಹೊಸ ಯಂತ್ರದಲ್ಲಿ ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ತೆರೆದುಕೊಳ್ಳುತ್ತವೆ. ಫೈಲು ಇದೆ, ಒಂದು ಬೈಟೂ ಹೋಗಿಲ್ಲ, ಮಾತು ಮಾತ್ರ ಇಲ್ಲ. ಹಳೆಯ ಯಂತ್ರ ಇನ್ನೂ ಓಡುತ್ತಿರುವಾಗಲೇ ಅವನ್ನು ಯೂನಿಕೋಡಿಗೆ ಪರಿವರ್ತಿಸಿಟ್ಟುಕೊಳ್ಳುವುದು, ಜೊತೆಗೆ ಒಂದು ಪಿಡಿಎಫ್ ಮಾಡಿಡುವುದು, ಬೀಗದೊಂದಿಗೆ ಕೀಲಿಯನ್ನೂ ಕೊಟ್ಟಂತೆ. ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕು ತಾನಾಗಿಯೇ ಎನ್‌ಕ್ರಿಪ್ಟ್ ಆಗಿರುವುದುಂಟು; ಬಿಟ್‌ಲಾಕರಿನ ರಿಕವರಿ ಕೀ ಎಲ್ಲಿದೆಯೆಂದು ಮನೆಯ ಇನ್ನೊಬ್ಬರಿಗೆ ಗೊತ್ತಿಲ್ಲದಿದ್ದರೆ ಇಡೀ ಅಟ್ಟ ಬ್ರಾಹ್ಮಿಯಾಗಿಬಿಡುತ್ತದೆ. ಹೆಸರುಗಳ ವಿಷಯದಲ್ಲೂ ಇಷ್ಟೇ. 2023ರಲ್ಲಿ ಔರಂಗಾಬಾದ್ ಅಧಿಕೃತವಾಗಿ ಛತ್ರಪತಿ ಸಂಭಾಜಿನಗರವಾಯಿತು. ಹಳೆಯ ಫೋಲ್ಡರುಗಳಲ್ಲಿ ಹಳೆಯ ಹೆಸರೇ ಇದೆ. ಊರಿನ ಹೆಸರಿನ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಹುಡುಕುವವನಿಗೆ ಎರಡೂ ಗೊತ್ತಿರಬೇಕು.

ಒಂದು ಆಕ್ಷೇಪ ಬರಬಹುದು. ಇಷ್ಟೆಲ್ಲ ಯಾಕೆ, ಮನುಷ್ಯ ಹಗುರಾಗಿ ಬದುಕಬೇಕು, ಹಳತು ಹೋಗಲಿ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಸತ್ಯವಿದೆ. ನನ್ನ ಹಳೆಯ ಡೈರಿಯನ್ನು ನಾನು ಅಳಿಸಬಹುದು, ಅದು ನನ್ನ ಸ್ವಾತಂತ್ರ್ಯ. ಆದರೆ ವೈರಾಗ್ಯಕ್ಕೂ ಸೋಮಾರಿತನಕ್ಕೂ ಹೊರಗಿನಿಂದ ಒಂದೇ ರೂಪ. ಏನೂ ಬೇಡ ಎಂಬ ಚುಕ್ಕೆಯನ್ನು ಇಬ್ಬರೂ ಒತ್ತುತ್ತಾರೆ. ವ್ಯತ್ಯಾಸ ಇರುವುದು ಇದರಲ್ಲಿ: ಬಿಡುವವನು ತಾನು ಬಿಡುತ್ತಿರುವುದು ಏನೆಂದು ನೋಡಿದ್ದಾನೆಯೇ, ಮತ್ತು ಅದು ಬಿಡಲು ಅವನದೇ ಆಗಿತ್ತೇ. ಅಪ್ಪನ ನಾಲ್ಕು ನಿಮಿಷ ಆ ಹುಡುಗನೊಬ್ಬನದಲ್ಲ. ಅದರಲ್ಲಿ ಅವ್ವನ ಪಾಲಿದೆ, ಅಕ್ಕನ ಪಾಲಿದೆ. ಹೊಲವನ್ನು ಒಬ್ಬನೇ ಮಾರಲಾಗದಿದ್ದರೆ ಧ್ವನಿಯನ್ನು ಒಬ್ಬನೇ ಅಳಿಸುವುದು ಹೇಗೆ? ಆ ಧ್ವನಿ ಇದೆಯೆಂಬುದೇ ಅವರಿಗೆ ಗೊತ್ತಿಲ್ಲದಿರಬಹುದು. ಆಗ ಅದನ್ನು ಅವರಿಗೆ ತಿಳಿಸುವುದು ಮೊದಲ ಕೆಲಸ, ನಕಲು ಎರಡನೆಯದು. ಅವ್ವ ಕೇಳಿ, ಇಷ್ಟು ಸಾಕಪ್ಪ, ಇನ್ನು ಬೇಡ ಎಂದರೆ ಅದೂ ಒಂದು ತೀರ್ಮಾನ, ಅವಳು ತೆಗೆದುಕೊಳ್ಳಬಹುದಾದ ತೀರ್ಮಾನ.

ಹೀಗಾಗಿ ಆ ಮೂರು ಚುಕ್ಕೆಗಳ ಪರದೆ ಬರುವ ಮೊದಲು ಒಂದು ಭಾನುವಾರವನ್ನು ಇದಕ್ಕೆಂದೇ ಇಡುವುದು ಒಳ್ಳೆಯದು. ಮೊದಲು ಎಲ್ಲವನ್ನೂ ಹೊರಗಿನ ಡಿಸ್ಕಿಗೆ ಇಳಿಸಿಕೊಳ್ಳಿ. ಆರಿಸುವ ಕೆಲಸ ಆಮೇಲೆ, ಅವಸರವಿಲ್ಲದೆ. ಇತರರು ಒಪ್ಪಿಸಿದ್ದು ಯಾವುದೆಂದು ನೋಡಿ, ಕೆಲಸ ಮುಗಿದದ್ದನ್ನು ಎರಡೂ ಕಡೆಯಿಂದ ಅಳಿಸಿ. ಪಾಲುದಾರರಿರುವುದನ್ನು ಪಾಲುದಾರರಿಗೆ ಕಳಿಸಿ. ಹಳೆಯ ಕನ್ನಡ ಬರಹಗಳನ್ನು ಓದುವ ರೂಪಕ್ಕೆ ತನ್ನಿ, ಫೋಟೊಗಳಿಗೆ ಸಾಧ್ಯವಾದಷ್ಟು ಹೆಸರು ಬರೆಯಿರಿ. ಕೊನೆಗೆ ಆ ಡಿಸ್ಕನ್ನು ಬೇರೊಬ್ಬರ ಕಂಪ್ಯೂಟರಿಗೆ ಚುಚ್ಚಿ ನಾಲ್ಕಾರು ಫೈಲುಗಳನ್ನು ತೆರೆದು ನೋಡಿ, ಧ್ವನಿಯಿದ್ದರೆ ಪೂರ್ತಿ ಕೇಳಿ. ತೆರೆದು ನೋಡದ ಪ್ರತಿ ಇದೆಯೆಂಬುದು ಬರೀ ನಂಬಿಕೆ. ಇಷ್ಟಾದ ಮೇಲೆ ಮೂರರಲ್ಲಿ ಯಾವ ಚುಕ್ಕೆ ಒತ್ತಿದರೂ ದೊಡ್ಡ ವ್ಯತ್ಯಾಸವಾಗದು.